ಪುಟ್ಟ ಕೋಣೆಗೊಂದು ಪ್ರೊಜೆಕ್ಟರ್

ಮಕ್ಕಳೇ, ಬಿಸಿಲಿನ ಹೊತ್ತಿನಲ್ಲಿ ಅಡಿಕೆ ತೋಟದೊಳಗೆ ನಡೆದಿದ್ದೀರಲ್ಲವೇ? ನೆಲದ ಮೇಲೆ ಅಲ್ಲಲ್ಲಿ ದುಂಡನೆಯ ಬೆಳಕಿನ ಬಿಲ್ಲೆಗಳು ಬಿದ್ದಿರುತ್ತವೆ. ಈಗ ತಲೆ ಎತ್ತದೆ ಯೋಚಿಸಿ. ಮೇಲೆ ಸೋಗೆಗಳ ನಡುವೆ ಇರುವ ಸಂದುಗಳು ದುಂಡಗಿವೆಯೇ? ಇಲ್ಲ. ಒಂದು ಉದ್ದ, ಇನ್ನೊಂದು ಸೀಳು, ಮತ್ತೊಂದು ಮೂರು ಮೂಲೆಯದು. ಹಾಗಾದರೆ ಕೆಳಗೆ ಬಿದ್ದ ಬೆಳಕು ಮಾತ್ರ ದುಂಡಗೇಕೆ?

ಏಕೆಂದರೆ ಅದು ಸಂದಿನ ಚಿತ್ರವಲ್ಲ, ಸೂರ್ಯನ ಚಿತ್ರ. ಚಿಕ್ಕ ಸಂದಿನ ಮೂಲಕ ಹಾದು ಬಂದ ಬೆಳಕು ನೆಲದ ಮೇಲೆ ಸೂರ್ಯನ ಪ್ರತಿಬಿಂಬವನ್ನು ಮೂಡಿಸುತ್ತದೆ. ನಂಬಿಕೆ ಬರಲಿಲ್ಲವೇ? 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಾಯಿತು. ಮಂಗಳೂರಿನಲ್ಲಿ ಸೂರ್ಯ ಬಳೆಯಂತೆ ಕಂಡ. ಆ ದಿನ ಗ್ರಹಣ ಏರುತ್ತಿದ್ದಾಗ ಮರದ ನೆರಳಿನಲ್ಲಿ ನಿಂತು ನೆಲ ನೋಡಿದವರಿಗೆ ಬಿಲ್ಲೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದು ಕಂಡಿತು. ಸಂದುಗಳು ಬದಲಾಗಿರಲಿಲ್ಲ, ಸೂರ್ಯ ಬದಲಾಗಿದ್ದ. ನಿಮ್ಮಲ್ಲಿ ಕೆಲವರು ಆಗ ಅಮ್ಮನ ಸೊಂಟದ ಮೇಲಿದ್ದಿರಬಹುದು. ಮನೆಯಲ್ಲಿ ಕೇಳಿ ನೋಡಿ.

ಒಂದು ವಸ್ತುವಿನ ಬೆಳಕನ್ನು ಬೇರೆಡೆಗೆ ಒಯ್ದು ಅಲ್ಲಿ ಅದರ ಚಿತ್ರ ಮೂಡಿಸುವುದೇ ಪ್ರೊಜೆಕ್ಟರ್‌ನ ಕೆಲಸ. ತೋಟದ ಪ್ರತಿ ಸಂದೂ ಒಂದು ಪ್ರೊಜೆಕ್ಟರ್. ಹಂಪಿಗೆ ಪ್ರವಾಸ ಹೋದವರು ವಿರೂಪಾಕ್ಷ ದೇವಸ್ಥಾನದೊಳಗೆ ಇದರ ದೊಡ್ಡಣ್ಣನನ್ನು ನೋಡಿರುತ್ತೀರಿ. ಅಲ್ಲಿ ಒಂದು ಕತ್ತಲೆಯ ಜಾಗದ ಗೋಡೆಯ ಮೇಲೆ ಮುಂದಿನ ಒಂಬತ್ತು ಅಂತಸ್ತಿನ ಗೋಪುರ ತಲೆಕೆಳಗಾಗಿ ಕಾಣುತ್ತದೆ. ಎದುರಿನ ಗೋಡೆಯಲ್ಲಿರುವ ಸಣ್ಣ ಕಿಂಡಿಯೇ ಅದಕ್ಕೆ ಕಾರಣ. ಬೆಳಕು ನೇರವಾಗಿ ಸಾಗುತ್ತದೆ. ಗೋಪುರದ ತುದಿಯಿಂದ ಹೊರಟ ಬೆಳಕು ಕೆಳಮುಖವಾಗಿ ಬಂದು ಕಿಂಡಿ ದಾಟಿ ಗೋಡೆಯ ಕೆಳಗೆ ಬೀಳುತ್ತದೆ. ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ಅದಕ್ಕೇ ತಲೆಕೆಳಗು.

ಇಷ್ಟು ಗೊತ್ತಿದ್ದರೆ ಸಾಕು, ನಾವೇ ಒಂದು ಪ್ರೊಜೆಕ್ಟರ್ ಮಾಡಬಹುದು. ಗುತ್ತಿಗಾರಿನ ಆಸುಪಾಸಿನ ಒಂದು ಶಾಲೆಯಲ್ಲಿ ನಾವು ಮಾಡಿದೆವು. ಒಮ್ಮೆ ಕೆಟ್ಟಿತು, ಆಮೇಲೆ ಸರಿಯಾಯಿತು. ಎರಡನ್ನೂ ಹೇಳುತ್ತೇನೆ.

ಪ್ರೊಜೆಕ್ಟರ್ ಏಕೆ ಬೇಕಾಯಿತು?

ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಗುತ್ತಿಗಾರು ಸಿಗುತ್ತದೆ. ಸುತ್ತಲೂ ಕಾಡು, ಗುಡ್ಡ, ಅಡಿಕೆ ತೋಟ. ಅಡಿಕೆಗೆ ಇಲ್ಲಿ ಹಲವು ಕಾಟ. ಮಳೆಗಾಲದ ಕೊಳೆರೋಗ ಹಳೆಯದು. ಸುಳ್ಯ ತಾಲ್ಲೂಕಿನ ಅನೇಕ ತೋಟಗಳನ್ನು ಹಳದಿ ಎಲೆ ರೋಗ ಬಹಳ ವರ್ಷಗಳಿಂದ ತಿನ್ನುತ್ತಿದೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಏಳನೆಯ ತರಗತಿಯ ಮಕ್ಕಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದನ್ನೇ ವಿಷಯವಾಗಿ ತೆಗೆದುಕೊಂಡರು. ಒಬ್ಬ ಹುಡುಗಿ ಹೇಳಿದಳು, "ಸರ್, ನಮ್ಮ ಅಪ್ಪ ಎಲೆ ಹಳದಿಯಾದದ್ದನ್ನು ಕಂಡ ಕೂಡಲೇ ಮದ್ದು ಬಿಡುತ್ತಾರೆ. ಯಾವ ರೋಗ ಅಂತ ನೋಡುವುದಿಲ್ಲ."

ಮಾತು ಸಣ್ಣದಲ್ಲ. ಎಲೆಚುಕ್ಕಿ ರೋಗ ಶಿಲೀಂಧ್ರದಿಂದ ಬರುತ್ತದೆ. ಗರಿಗಳ ಮೇಲೆ ಕಂದು ಅಥವಾ ಕಪ್ಪು ಚುಕ್ಕಿ, ಅದರ ಸುತ್ತ ಹಳದಿ ಉಂಗುರ ಇರುತ್ತದೆ. ಹಳದಿ ಎಲೆ ರೋಗದಲ್ಲಿ ಗರಿಯ ತುದಿಯಿಂದ ಹಳದಿ ಬಣ್ಣ ಶುರುವಾಗಿ ಒಳಕ್ಕೆ ಹಬ್ಬುತ್ತದೆ. ಅದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಬಹಳ ಸೂಕ್ಷ್ಮ ಜೀವಿ. ಶಿಲೀಂಧ್ರವನ್ನು ಕೊಲ್ಲುವ ಮದ್ದಿನಿಂದ ಅದು ಹೋಗುವುದಿಲ್ಲ. ಗುರುತು ತಪ್ಪಿದರೆ ಮದ್ದಿನ ಹಣ, ಮರ ಹತ್ತುವವರ ಕೂಲಿ ಎರಡೂ ನೀರಿಗೆ. ಹೀಗಾಗಿ ಚುಕ್ಕಿಯನ್ನೂ ಅದರ ಉಂಗುರವನ್ನೂ ದೊಡ್ಡದಾಗಿ ಮನೆಯವರಿಗೆ ತೋರಿಸಬೇಕು ಎಂಬುದು ಮಕ್ಕಳ ಆಸೆ.

ಶಾಲೆಯಲ್ಲಿ ಇದ್ದದ್ದು ಒಂದು ಆಟದ ಸಾಮಾನಿನ ಕೋಣೆ. ಎಂಟು ಅಡಿ ಉದ್ದ, ಆರು ಅಡಿ ಅಗಲ. ಚೆಂಡು, ಲೇಜಿಮು, ಕಾಲು ಮುರಿದ ಬೆಂಚು ಎಲ್ಲವನ್ನೂ ಒಂದು ಮೂಲೆಗೆ ತಳ್ಳಿದ ಮೇಲೆ ಒಂದು ಮೇಜು, ಐದಾರು ಮಕ್ಕಳು ಹಿಡಿಯುವಷ್ಟು ಜಾಗ ಉಳಿಯಿತು. ಮಳೆ ಬಂದರೆ ಕರೆಂಟು ಇರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ ದೀಪಕ್ಕೆ ಟಾರ್ಚು.

ಒಂದು ಹಳೆಯ ಆಟ

ಮುಂದೆ ಹೋಗುವ ಮೊದಲು ನನ್ನ ಬಾಲ್ಯದ ಒಂದು ಸಂಗತಿ. ನಿಮ್ಮ ವಯಸ್ಸಿನಲ್ಲಿ ನಾವು ಟಾಕೀಸಿನ ಹಿಂದೆ ಬಿಸಾಡಿದ ಫಿಲ್ಮ್ ತುಂಡುಗಳನ್ನು ಹೆಕ್ಕಿ ತರುತ್ತಿದ್ದೆವು. ಗೋಲಿ ಕೊಟ್ಟು ಕೊಳ್ಳುವುದೂ ಇತ್ತು. ಹೀರೋ ಇರುವ ತುಂಡಿಗೆ ಐದು ಗೋಲಿ, ಬರೀ ಮರ ಗಿಡ ಇದ್ದರೆ ಒಂದು. ಸುಟ್ಟುಹೋದ ಬಲ್ಬಿನೊಳಗೆ ನೀರು ತುಂಬಿದರೆ ಅದೇ ಮಸೂರ. ಅಂಗಳದಲ್ಲಿ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯೊಳಗೆ ಹೊಡೆಯುತ್ತಿದ್ದ. ಒಳಗೆ ಇನ್ನೊಬ್ಬ ಫಿಲ್ಮನ್ನು ಬಲ್ಬಿನ ಹಿಂದೆ ಹಿಡಿಯುತ್ತಿದ್ದ. ಗೋಡೆಗೆ ಕಟ್ಟಿದ ಅಪ್ಪನ ಪಂಚೆಯ ಮೇಲೆ ಡಾ. ರಾಜಕುಮಾರ್ ತಲೆಕೆಳಗಾಗಿ ನಿಲ್ಲುತ್ತಿದ್ದರು! ಚಿತ್ರ ಕುಣಿಯುವುದಿಲ್ಲವೇಕೆ ಎಂದು ನಾವು ಫಿಲ್ಮನ್ನು ಸರಸರನೆ ಎಳೆಯುತ್ತಿದ್ದೆವು. ಬರೀ ಕಲಸುಮೇಲೋಗರ. ಟಾಕೀಸಿನ ಯಂತ್ರ ಒಂದೊಂದು ಚಿತ್ರವನ್ನೂ ಕ್ಷಣಕಾಲ ನಿಲ್ಲಿಸುತ್ತದೆ, ಸರಿಸುವಾಗ ಬೆಳಕನ್ನು ಮುಚ್ಚುತ್ತದೆ, ಸೆಕೆಂಡಿಗೆ 24 ಸಲ ಹೀಗೆ ಮಾಡುತ್ತದೆ ಎಂಬುದು ತಿಳಿದದ್ದು ಬಹಳ ತಡವಾಗಿ.

ಆ ಆಟದಲ್ಲಿ ಎರಡು ಅಪಾಯಗಳಿದ್ದವು. ಬಲ್ಬಿನ ಬುಡ ಒಡೆಯುವಾಗ ಗಾಜು ಕೈಗೆ ನಾಟುತ್ತಿತ್ತು. ಕನ್ನಡಿಯ ಬಿಸಿಲು ಕಣ್ಣಿಗೆ ಬಡಿಯುತ್ತಿತ್ತು. ನೀವು ಅದನ್ನು ಮಾಡಬೇಡಿ. ಆದರೆ ಆ ಆಟದಲ್ಲಿ ಒಂದು ಗುಟ್ಟೂ ಇತ್ತು, ನಾವು ಗಮನಿಸಿರಲಿಲ್ಲ. ನಮ್ಮ ದೀಪ ಸೂರ್ಯನೇ ಆಗಿದ್ದ. ಅಷ್ಟು ಬೆಳಕಿದ್ದುದರಿಂದಲೇ ಬೆರಳಗಲದ ಚಿತ್ರ ಪಂಚೆಯ ತುಂಬ ಹರಡಿದರೂ ಕಾಣುತ್ತಿತ್ತು. ಟಾರ್ಚು ಸೂರ್ಯನಲ್ಲ. ಇದನ್ನು ಮರೆತೇ ನಾನು ಗುತ್ತಿಗಾರಿನಲ್ಲಿ ಎಡವಿದ್ದು.

ಮೊದಲು ಮಸೂರವನ್ನು ಅಳೆಯಿರಿ

ಕಿಂಡಿಯ ಚಿತ್ರ ಮಂಕು. ಕಿಂಡಿ ದೊಡ್ಡದು ಮಾಡಿದರೆ ಬೆಳಕು ಹೆಚ್ಚುತ್ತದೆ, ಆದರೆ ಚಿತ್ರ ಕಲಸಿಹೋಗುತ್ತದೆ. ಕಿಂಡಿಯ ಜಾಗದಲ್ಲಿ ಪೀನ ಮಸೂರವನ್ನಿಟ್ಟರೆ ಎರಡೂ ತೊಂದರೆ ಇಲ್ಲ. ಅದು ಅಗಲವಾಗಿದ್ದು ಹೆಚ್ಚು ಬೆಳಕನ್ನು ಹಿಡಿಯುತ್ತದೆ, ಹಿಡಿದದ್ದನ್ನು ಬಗ್ಗಿಸಿ ಒಂದೆಡೆ ಕೂಡಿಸುತ್ತದೆ.

ನಿಮ್ಮ ಶಾಲೆಯ ವಿಜ್ಞಾನ ಪೆಟ್ಟಿಗೆಯಲ್ಲಿ ಪೀನ ಮಸೂರವಿರುತ್ತದೆ. ಅದನ್ನು ಹಿಡಿದು ಕಿಟಕಿಗೆ ಎದುರಾಗಿರುವ ಗೋಡೆಯ ಬಳಿ ನಿಲ್ಲಿ. ಮಸೂರವನ್ನು ಗೋಡೆಗೆ ಹತ್ತಿರ, ದೂರ ಸರಿಸಿ. ಒಂದು ಜಾಗದಲ್ಲಿ ಕಿಟಕಿಯಾಚೆಯ ದೂರದ ಮರಗಳು ಗೋಡೆಯ ಮೇಲೆ ಪುಟ್ಟದಾಗಿ, ಬಣ್ಣಬಣ್ಣವಾಗಿ, ತಲೆಕೆಳಗಾಗಿ ಮೂಡುತ್ತವೆ. ಗಾಳಿಗೆ ಸೋಗೆ ಅಲ್ಲಾಡುವುದೂ ಕಾಣುತ್ತದೆ! (ನಮ್ಮ ಮಕ್ಕಳು ಅರ್ಧ ಗಂಟೆ ಇದನ್ನೇ ನೋಡುತ್ತಾ ನಿಂತರು. ನಾನೂ ಅವಸರ ಮಾಡಲಿಲ್ಲ.) ಆಗ ಮಸೂರದಿಂದ ಗೋಡೆಗೆ ಎಷ್ಟು ದೂರವೋ ಅದೇ ಆ ಮಸೂರದ ಸಂಗಮ ದೂರ. ಸ್ಕೇಲಿನಿಂದ ಅಳೆದು ಬರೆದಿಟ್ಟುಕೊಳ್ಳಿ. ನಮ್ಮದು 10 ಸೆಂ.ಮೀ. ಇತ್ತು.

ಈಗ ಚಿತ್ರ ಬರೆದ ಪಾರದರ್ಶಕ ಹಾಳೆಯನ್ನು, ಎಂದರೆ ಸ್ಲೈಡನ್ನು, ಮಸೂರದ ಒಂದು ಬದಿಗೆ ಇಟ್ಟು ಹಿಂದಿನಿಂದ ಬೆಳಕು ಬಿಟ್ಟರೆ ಇನ್ನೊಂದು ಬದಿಯ ಪರದೆಯ ಮೇಲೆ ಚಿತ್ರ ಬೀಳುತ್ತದೆ. ಎಲ್ಲಿಟ್ಟರೆ ಎಲ್ಲಿ ಬೀಳುತ್ತದೆ? ಅದಕ್ಕೊಂದು ಸೊಗಸಾದ ಲೆಕ್ಕವಿದೆ. ಕೊಟ್ಟವನು ನ್ಯೂಟನ್. ಮಸೂರದಿಂದ ಸ್ಲೈಡಿಗೆ ಇರುವ ದೂರದಿಂದ 10 ಕಳೆಯಿರಿ. ಮಸೂರದಿಂದ ಪರದೆಗೆ ಇರುವ ದೂರದಿಂದಲೂ 10 ಕಳೆಯಿರಿ. ಉಳಿದ ಎರಡನ್ನೂ ಗುಣಿಸಿದರೆ ಯಾವಾಗಲೂ 100 ಬರಬೇಕು, ಅಂದರೆ ಹತ್ತು ಹತ್ತಲೆ ನೂರು. ನಿಮ್ಮ ಮಸೂರ 15 ಸೆಂ.ಮೀ. ಸಂಗಮ ದೂರದ್ದಾದರೆ 15 ಕಳೆಯಿರಿ, ಗುಣಲಬ್ಧ 225.

ನಮ್ಮ ಮಸೂರಕ್ಕೆ ಮಕ್ಕಳು ಹಾಕಿದ ಲೆಕ್ಕ ಇದು:

ಸ್ಲೈಡ್ 15 ಸೆಂ.ಮೀ. – ಪರದೆ 30 ಸೆಂ.ಮೀ. – ಚಿತ್ರ 2 ಪಟ್ಟು
ಸ್ಲೈಡ್ 12 ಸೆಂ.ಮೀ. – ಪರದೆ 60 ಸೆಂ.ಮೀ. – ಚಿತ್ರ 5 ಪಟ್ಟು
ಸ್ಲೈಡ್ 11 ಸೆಂ.ಮೀ. – ಪರದೆ 110 ಸೆಂ.ಮೀ. – ಚಿತ್ರ 10 ಪಟ್ಟು
ಸ್ಲೈಡ್ 10.5 ಸೆಂ.ಮೀ. – ಪರದೆ 210 ಸೆಂ.ಮೀ. – ಚಿತ್ರ 20 ಪಟ್ಟು

ಎಷ್ಟು ಪಟ್ಟು ಎಂಬುದು ಪರದೆಯ ದೂರವನ್ನು ಸ್ಲೈಡಿನ ದೂರದಿಂದ ಭಾಗಿಸಿದರೆ ಸಿಗುತ್ತದೆ. ಕೊನೆಯ ಎರಡು ಸಾಲುಗಳನ್ನು ನೋಡಿ. ಸ್ಲೈಡು ಬರೀ ಅರ್ಧ ಸೆಂಟಿಮೀಟರ್ ಸರಿದರೆ ಚಿತ್ರ ಒಂದು ಮೀಟರ್ ದೂರ ಓಡುತ್ತದೆ. ಆದ್ದರಿಂದ ಮಸೂರವನ್ನು ಮೆಲ್ಲಮೆಲ್ಲನೆ ಸರಿಸುವ ವ್ಯವಸ್ಥೆ ಬೇಕು.

ಪೆಟ್ಟಿಗೆ ಕಟ್ಟುವುದು

ನಮಗೆ ಬೇಕಾದದ್ದು: ಸುಮಾರು 30 ಸೆಂ.ಮೀ. ಉದ್ದದ ಚಪ್ಪಲಿ ಪೆಟ್ಟಿಗೆ ಒಂದು, ತೋಟಕ್ಕೆ ಒಯ್ಯುವ ಎಲ್‌ಇಡಿ ಚಾರ್ಜರ್ ಟಾರ್ಚು, ಶಾಲೆಯ 10 ಸೆಂ.ಮೀ. ಮಸೂರ, ಅಜ್ಜ ಪಂಚಾಂಗ ಓದುವ ಭೂತಕನ್ನಡಿ (ಕೇಳಿ ತನ್ನಿ, ಕೇಳದೆ ತರಬೇಡಿ), ಕಪ್ಪು ಕಾಗದ, ಚಾರ್ಟು, ಗಮ್ ಟೇಪು, ಕತ್ತರಿ. ಸ್ಲೈಡಿಗೆ ಹೊಸ ಅಂಗಿಯ ಪೆಟ್ಟಿಗೆಯ ಮೇಲಿರುವ ಪಾರದರ್ಶಕ ಹಾಳೆ. ಪರದೆಗೆ ಬಟರ್ ಪೇಪರ್.

ಪೆಟ್ಟಿಗೆಯ ಒಳಗೆಲ್ಲ ಕಪ್ಪು ಕಾಗದ ಅಂಟಿಸಿ. ಬಿಳಿಯಾಗಿದ್ದರೆ ಬೆಳಕು ಗೋಡೆಗೋಡೆಗೆ ತಾಗಿ ಚದುರಿ ಪರದೆಗೆ ಬರುತ್ತದೆ, ಚಿತ್ರ ಹಾಲು ಸುರಿದಂತೆ ಬೆಳ್ಳಗಾಗುತ್ತದೆ.

ಪೆಟ್ಟಿಗೆಯ ಕಿರಿದಾದ ಎರಡು ಬದಿಗಳಲ್ಲಿ ಎದುರುಬದುರಾಗಿ ಒಂದೊಂದು ದುಂಡು ತೂತು ಕತ್ತರಿಸಿ. ಹಿಂದಿನ ತೂತಿಗೆ ಟಾರ್ಚಿನ ಮುಖ ಕೂರಬೇಕು. ಮುಂದಿನ ತೂತಿಗೆ ಚಾರ್ಟಿನ ಕೊಳವೆ ಮಾಡಿ ಅಂಟಿಸಿ. ಅದು ಹೊರಗೆ 5 ಸೆಂ.ಮೀ. ಚಾಚಿರಲಿ. ಅದರೊಳಗೆ ಬಿಗಿಯಾಗಿ ಜಾರುವ ಇನ್ನೊಂದು ಕೊಳವೆ, 10 ಸೆಂ.ಮೀ. ಉದ್ದದ್ದು ಮಾಡಿ, ಅದರ ತುದಿಗೆ ಮಸೂರವನ್ನು ಟೇಪಿನಿಂದ ಕೂರಿಸಿ. ಪೆಟ್ಟಿಗೆಯ ಮುಚ್ಚಳದಲ್ಲಿ ಮುಂದಿನ ಬದಿಯಿಂದ 5 ಸೆಂ.ಮೀ. ಒಳಗೆ ಅಡ್ಡವಾಗಿ ಒಂದು ಸೀಳು ಕೊಡಿ. ಸ್ಲೈಡು ಇಲ್ಲಿಂದ ಇಳಿಯುತ್ತದೆ. ಒಳ ಕೊಳವೆಯನ್ನು ಪೂರ್ತಿ ಒತ್ತಿದಾಗ ಮಸೂರ ಸ್ಲೈಡಿನಿಂದ 10 ಸೆಂ.ಮೀ. ದೂರದಲ್ಲಿ, ಎಳೆದಾಗ 15ರವರೆಗೆ ಇರುತ್ತದೆ. ಮೇಲಿನ ಲೆಕ್ಕ ಪೂರ್ತಿ ಇದರೊಳಗೆ ಬಂತು.

ಇನ್ನು ಭೂತಕನ್ನಡಿ. ಇದು ಏಕೆ ಎಂದು ಕೇಳಬೇಕು. ಟಾರ್ಚಿನ ಬೆಳಕು ಸ್ಲೈಡನ್ನು ದಾಟಿ ಎತ್ತೆತ್ತಲೋ ಹೋಗುತ್ತದೆ. ಸ್ಲೈಡಿನ ನಡುವಿನಲ್ಲಿ ಹಾದ ಬೆಳಕು ಮಸೂರಕ್ಕೆ ಸಿಕ್ಕುತ್ತದೆ, ಅಂಚಿನದು ಮಸೂರದ ಪಕ್ಕದಿಂದ ಹೊರಗೆ ಹೋಗುತ್ತದೆ. ಆಗ ಪರದೆಯ ಮೇಲೆ ನಡುವೆ ಬೆಳಕು, ಸುತ್ತ ಕತ್ತಲೆ. ಸ್ಲೈಡಿನ ಬೆನ್ನಿಗೇ, ಒಂದು ಸೆಂ.ಮೀ. ಹಿಂದೆ, ಭೂತಕನ್ನಡಿ ನಿಲ್ಲಿಸಿದರೆ ಅದು ಹರಡಿದ ಬೆಳಕನ್ನೆಲ್ಲ ಒಗ್ಗೂಡಿಸಿ ಮುಂದಿನ ಮಸೂರದ ಕಡೆಗೆ ತಿರುಗಿಸುತ್ತದೆ. ಗದ್ದೆಯ ಹರಿನೀರನ್ನು ಕಣಿ ತೋಡಿ ಒಂದೇ ಕಡೆ ಬಿಡುವಂತೆ. ಸರಿಯಾಯಿತೇ ಎಂದು ನೋಡಲು ಸ್ಲೈಡು ತೆಗೆದು ಮಸೂರದ ಜಾಗದಲ್ಲಿ ಬಿಳಿ ಕಾಗದ ಹಿಡಿಯಿರಿ. ಬೆಳಕಿನ ಬೊಟ್ಟು ಮಸೂರದ ಅಗಲಕ್ಕಿಂತ ಚಿಕ್ಕದಾಗಿರಬೇಕು. ಇಲ್ಲದಿದ್ದರೆ ಟಾರ್ಚನ್ನು ಹಿಂದೆ ಮುಂದೆ ಸರಿಸಿ. ಮನೆಯಲ್ಲಿ ಮಾಡಿದ ಪ್ರೊಜೆಕ್ಟರುಗಳು ಹೆಚ್ಚಾಗಿ ಸೋಲುವುದು ಈ ಎರಡನೆಯ ಮಸೂರವನ್ನು ಬಿಟ್ಟದ್ದರಿಂದ.

ದೀಪ, ಸ್ಲೈಡು, ಮಸೂರ ಎಂಬ ಈ ಜೋಡಣೆ ಹೊಸದೇನಲ್ಲ. ಹಾಲೆಂಡಿನ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ 1659ರಲ್ಲೇ ಮಾಯಾ ಲಾಂದ್ರಕ್ಕೆಂದು ಚಿತ್ರಗಳನ್ನು ಬರೆದಿಟ್ಟಿದ್ದ. ಏನು ಚಿತ್ರ ಗೊತ್ತೇ? ತನ್ನ ತಲೆಬುರುಡೆಯನ್ನು ತಾನೇ ಕಳಚಿ ಹಿಡಿದ ಅಸ್ಥಿಪಂಜರ! ಅವನ ಕಾಲದಲ್ಲಿ ಬೆಳಕಿಗೆ ಎಣ್ಣೆಯ ದೀಪ, ಮೇಣದ ಬತ್ತಿ. ನಮಗೆ ಎಲ್‌ಇಡಿ ಇದೆ. ಅದು ಹೆಚ್ಚು ಬಿಸಿಯಾಗುವುದಿಲ್ಲ ಎಂಬುದೇ ದೊಡ್ಡ ಉಪಕಾರ. ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಕಾಲದ ತಂತಿಯ ಬಲ್ಬನ್ನಾಗಲೀ ದೀಪವನ್ನಾಗಲೀ ಎಂದೂ ಇಡಬೇಡಿ. ರಟ್ಟು ಕರಕಲಾಗಿ ಬೆಂಕಿ ಹತ್ತುತ್ತದೆ.

ನಾವು ಸೋತ ಸಂಜೆ

ಮಕ್ಕಳು 4 ಸೆಂ.ಮೀ. ಚೌಕದ ಸ್ಲೈಡುಗಳನ್ನು ಮಾಡಿದರು. ಒಂದರಲ್ಲಿ ಎಲೆಚುಕ್ಕಿಯ ಗರಿ, ಇನ್ನೊಂದರಲ್ಲಿ ತುದಿಯಿಂದ ಹಳದಿಯಾದ ಗರಿ. ಬರೆದದ್ದು ಅಳಿಸದ ಮಾರ್ಕರ್ ಪೆನ್ನಿನಿಂದ. ಹಳದಿ ಮಾರ್ಕರ್ ಪರದೆಯ ಮೇಲೆ ತೀರ ತೆಳುವಾಗಿ ಕಂಡಿತು. ಆದ್ದರಿಂದ ಹಳದಿ ಜಿಲೆಟಿನ್ ಹಾಳೆಯನ್ನು ಕತ್ತರಿಸಿ ಅಂಟಿಸಿದರು.

ಪೋಷಕರ ಸಭೆಯ ಸಂಜೆ ಎಲ್ಲರೂ ಬಂದರು. ಚಿತ್ರ ದೊಡ್ಡದಾದಷ್ಟೂ ಚೆನ್ನ ಎಂದು ಭಾವಿಸಿ ನಾನು ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು ಎರಡು ಮೀಟರ್ ದೂರದ ಗೋಡೆಗೆ ಬಿಟ್ಟೆ. ಇಪ್ಪತ್ತು ಪಟ್ಟು. 4 ಸೆಂ.ಮೀ. ಸ್ಲೈಡು 80 ಸೆಂ.ಮೀ. ಆಗಬೇಕು. ಆಯಿತು ಕೂಡ. ಆದರೆ ಗೋಡೆಯ ಮೇಲೆ ಒಂದು ಬೂದಿ ಬಣ್ಣದ ಮೋಡ ಬಿಟ್ಟು ಏನೂ ಇಲ್ಲ. ಹಿರಿಯರೊಬ್ಬರು ಹತ್ತಿರ ಹೋಗಿ, ಕನ್ನಡಕ ಏರಿಸಿ, "ಎಂತ ಸಾ ಕಾಣುದಿಲ್ಲ ಮಾಷ್ಟ್ರೇ" ಅಂದರು. ಮಕ್ಕಳ ಮುಖ ಸಣ್ಣದಾಯಿತು. ತಪ್ಪು ಅವರದ್ದಲ್ಲ, ಲೆಕ್ಕ ಹಾಕದ ನನ್ನದು.

ಮರುದಿನ ಮಕ್ಕಳಿಗೆ ದೋಸೆಯ ಲೆಕ್ಕ ಹೇಳಿದೆ. ಒಂದೇ ಸೌಟು ಹಿಟ್ಟನ್ನು ಚಿಕ್ಕದಾಗಿ ಹುಯ್ದರೆ ದಪ್ಪ ದೋಸೆ. ಅಗಲವಾಗಿ ಎಳೆದರೆ ಕಾವಲಿ ಕಾಣುವಷ್ಟು ತೆಳು. ಹಿಟ್ಟು ಅಷ್ಟೇ ತಾನೇ? ಟಾರ್ಚಿನ ಬೆಳಕೂ ಒಂದು ಸೌಟು ಹಿಟ್ಟು. ಚಿತ್ರ 5 ಪಟ್ಟು ಉದ್ದವಾದರೆ 5 ಪಟ್ಟು ಅಗಲವೂ ಆಗುತ್ತದೆ. ಆಗ ಬೆಳಕು 25 ಪಟ್ಟು ಜಾಗದಲ್ಲಿ ಹರಡುತ್ತದೆ. 10 ಪಟ್ಟಿಗೆ 100. ನನ್ನ 20 ಪಟ್ಟಿಗೆ 400! ಅಂದರೆ 5 ಪಟ್ಟಿನ ಚಿತ್ರ 20 ಪಟ್ಟಿನದಕ್ಕಿಂತ 16 ಪಾಲು ಬೆಳಗಾಗಿರುತ್ತದೆ, ಅದೇ ಟಾರ್ಚಿನಲ್ಲಿ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತೆರೆದ ತಾರಾಲಯವನ್ನು ನೀವು ನೋಡಿರಬಹುದು. ಅಲ್ಲಿ ಇಡೀ ಗುಮ್ಮಟದ ತುಂಬ ಆಕಾಶ ತೋರಿಸಲು ಬಹಳ ಪ್ರಬಲವಾದ ಪ್ರೊಜೆಕ್ಟರುಗಳು ಏಕೆ ಬೇಕು ಎಂಬುದು ಈಗ ಹೊಳೆಯಿತಲ್ಲವೇ? ಮೊಬೈಲನ್ನು ಪೆಟ್ಟಿಗೆಯೊಳಗಿಟ್ಟು ಮುಂದೆ ಒಂದು ಭೂತಕನ್ನಡಿ ಸಿಕ್ಕಿಸಿ ಗೋಡೆಯ ತುಂಬ ಸಿನಿಮಾ ನೋಡುವ ಪ್ರಯತ್ನ ಕೆಲವರು ಮಾಡುತ್ತಾರೆ. ಮೊಬೈಲಿನ ಪರದೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಮಸೂರಕ್ಕೆ ಸಿಗುವುದು ಸ್ವಲ್ಪ. ಆ ಸ್ವಲ್ಪವೂ ಗೋಡೆಯ ತುಂಬ ಹರಡಿದರೆ ನಮ್ಮ ಜಗಲಿಯ ಕತೆಯೇ.

ನಮಗೆ ಪುಟ್ಟ ಕೋಣೆಯೇ ಸರಿ ಎಂದು ಮಕ್ಕಳೇ ತೀರ್ಮಾನಿಸಿದರು. ಆಟದ ಸಾಮಾನಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದರು. ಬಾಗಿಲಿನ ಸಂದಿಗೆ ಗೋಣಿ ತುರುಕಿದರು. ಹೊರಗಿನ ಬೆಳಕು ತಡೆಯುವುದೂ ಟಾರ್ಚಿನ ಬೆಳಕು ಹೆಚ್ಚಿಸಿದಷ್ಟೇ ಉಪಯೋಗಿ, ಅದಕ್ಕೆ ಖರ್ಚೂ ಇಲ್ಲ. ಪರದೆಯನ್ನು ಮಸೂರದಿಂದ 60 ಸೆಂ.ಮೀ. ದೂರದಲ್ಲಿ ಮೇಜಿನ ಮೇಲೆಯೇ ನಿಲ್ಲಿಸಿದರು. ಚಿತ್ರ 20 ಸೆಂ.ಮೀ. ಬಂತು. ಒಂದು ಊಟದ ಬಟ್ಟಲಿನಷ್ಟು. ಆದರೆ ಚುಕ್ಕಿ ಚುಕ್ಕಿಯೂ ಸ್ಪಷ್ಟ!

ಪರದೆಯ ಹಿಂದಿನಿಂದ

ಇಷ್ಟು ಹತ್ತಿರದ ಪರದೆಯಲ್ಲಿ ಇನ್ನೊಂದು ತೊಂದರೆ. ನೋಡಲು ಬಂದವರ ತಲೆಯೇ ಬೆಳಕಿಗೆ ಅಡ್ಡ. ಚಾರ್ಟಿನ ಮೇಲೆ ಚಿತ್ರ ಬೀಳಿಸಿ ಗೆರೆ ಎಳೆಯೋಣ ಎಂದರೆ ಕೈಯ ನೆರಳು. ಇದಕ್ಕೆ ಉಪಾಯ: ಹಳೆಯ ಫೋಟೋ ಚೌಕಟ್ಟಿಗೆ ಬಟರ್ ಪೇಪರ್ ಅಂಟಿಸಿ ಅದನ್ನೇ ಪರದೆ ಮಾಡಿ. ಪ್ರೊಜೆಕ್ಟರ್ ಒಂದು ಬದಿಗೆ, ನೀವು ಇನ್ನೊಂದು ಬದಿಗೆ. ಬೆಳಕು ಕಾಗದವನ್ನು ದಾಟಿ ನಿಮ್ಮ ಕಡೆ ಚಿತ್ರ ತೋರಿಸುತ್ತದೆ, ಟಿ.ವಿ.ಯಂತೆ. ಎಷ್ಟು ಹತ್ತಿರ ಬಂದರೂ ನೆರಳು ಬೀಳದು. ಬಟರ್ ಪೇಪರಿನ ಮೇಲೆಯೇ ಪೆನ್ಸಿಲಿನಿಂದ ಚಿತ್ರವನ್ನು ಎತ್ತಿಕೊಳ್ಳಬಹುದು. ಜಾಗ ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಸ್ಲೈಡನ್ನು ಯಾವ ಕಡೆ ತಿರುಗಿಸಿ ಹಾಕಬೇಕು? ಪಾರದರ್ಶಕ ಹಾಳೆಯ ಮೇಲೆ 'ಅ' ಎಂದು ಬರೆಯಿರಿ. ಟಾರ್ಚಿನ ಬದಿಯಿಂದ ನೋಡಿದಾಗ ಅಕ್ಷರ ಸರಿಯಾಗಿ ಓದುವಂತೆ ಹಿಡಿದು, ಹಾಗೆಯೇ ತಲೆಕೆಳಗು ಮಾಡಿ ಇಳಿಸಿದರೆ ಗೋಡೆಯ ಮೇಲೆ 'ಅ' ಸರಿಯಾಗಿ ಬರುತ್ತದೆ. ಮಸೂರ ಮೇಲುಕೆಳಗನ್ನು ಮಾತ್ರವಲ್ಲ, ಎಡಬಲವನ್ನೂ ಅದಲುಬದಲು ಮಾಡುತ್ತದೆ. ಬಟರ್ ಪೇಪರಿನ ಹಿಂದಿನಿಂದ ನೋಡುವುದಾದರೆ? ಆಗ ಎಡಬಲ ಮತ್ತೊಮ್ಮೆ ಬದಲಾಗುತ್ತದೆ, ಸ್ಲೈಡನ್ನು ಮಗುಚಿ ಹಾಕಬೇಕು. ಓದಿ ತಲೆ ಸುತ್ತಿದರೆ ಚಿಂತೆ ಬೇಡ. ಹಾಕಬಹುದಾದ ರೀತಿ ನಾಲ್ಕೇ, ನಾಲ್ಕನ್ನೂ ಮಾಡಿ ನೋಡಿ.

ಎಲೆಯನ್ನೇ ಇಟ್ಟರೆ?

ಇಷ್ಟಾದಾಗ ಅದೇ ಹುಡುಗಿ ಕೇಳಿದಳು, "ಚಿತ್ರ ಏಕೆ ಸರ್, ಎಲೆಯನ್ನೇ ಇಟ್ಟರೆ ಆಗದೇ?" ಎಲೆ ಅಪಾರದರ್ಶಕ, ಬೆಳಕು ದಾಟದು ಎಂದು ನಾನು ಉತ್ತರ ಕೊಟ್ಟೆ. ಅವಳು ಸುಮ್ಮನಾಗಲಿಲ್ಲ. ಎಲೆಯನ್ನು ಸೂರ್ಯನ ಕಡೆ ಹಿಡಿದರೆ ಹಸಿರಾಗಿ ಹೊಳೆಯುತ್ತದಲ್ಲ ಎಂದಳು. ಸರಿಯಾದ ಮಾತು. ಬೆಳಕು ದಾಟುತ್ತದೆ, ಆದರೆ ಬಹಳ ಸ್ವಲ್ಪ. ಆ ಸ್ವಲ್ಪವನ್ನು ಹರಡದೆ ಉಳಿಸಿಕೊಂಡರೆ? ಕೊಳವೆಯನ್ನು ಪೂರ್ತಿ ಹೊರಗೆ ಎಳೆದು ಸ್ಲೈಡಿನಿಂದ 15 ಸೆಂ.ಮೀ.ಗೆ ತಂದೆವು. ಪರದೆ 30 ಸೆಂ.ಮೀ.ಗೆ ಬಂತು. ಬರೀ 2 ಪಟ್ಟು ಚಿತ್ರ, ಬೆಳಕು ಹರಡುವುದು 4 ಪಟ್ಟು ಜಾಗಕ್ಕೆ ಮಾತ್ರ.

ಎಲೆಚುಕ್ಕಿ ತಗಲಿದ ಗರಿಯ ತುಂಡೊಂದನ್ನು ಎರಡು ಪಾರದರ್ಶಕ ಹಾಳೆಗಳ ನಡುವೆ ಇಟ್ಟು ಅಂಚಿಗೆ ಟೇಪು ಹಾಕಿ ಇಳಿಸಿದೆವು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕಾಯಿತು. ಆಮೇಲೆ ಕಡು ಹಸಿರಿನ ನಡುವೆ ಕಪ್ಪು ಚುಕ್ಕಿ, ಅದರ ಸುತ್ತ ಹೊಳೆಯುವ ಹಳದಿ ಉಂಗುರ ಕಂಡಿತು. ಹಸಿರು ಬಣ್ಣ ಕಡಿಮೆಯಾದಲ್ಲಿ ಬೆಳಕು ಹೆಚ್ಚು ದಾಟುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದು ನೋಡಿದಾಗ ಮಸುಕಾಗಿದ್ದ ಉಂಗುರ ಇಲ್ಲಿ ಎದ್ದು ಕಂಡಿತು. ಮುಂದಿನ ಶನಿವಾರ ಮನೆಯವರು ಐದೈದು ಮಂದಿಯಾಗಿ ಆ ಕೋಣೆಯೊಳಗೆ ಬಂದು ನೋಡಿದರು. ಕನ್ನಡಕದ ಹಿರಿಯರು ಎರಡು ಸರದಿ ಬಂದರು. ಹೊರಗೆ ಬಂದು ತಮ್ಮ ತೋಟದ ಒಂದು ಗರಿಯನ್ನೂ ನಾಳೆ ತರುತ್ತೇನೆ, ಅದು ಯಾವುದೆಂದು ನೋಡಬೇಕು ಅಂದರು. ತಂದರು. ಅದರಲ್ಲಿ ಚುಕ್ಕಿಯೇ ಇರಲಿಲ್ಲ, ತುದಿಯಿಂದ ಹಳದಿ. ರೋಗ ಇದೇ ಎಂದು ಪೆಟ್ಟಿಗೆಯಿಂದ ಹೇಳಲಾಗದು, ಗೊಬ್ಬರದ ಕೊರತೆಯಿಂದಲೂ ಎಲೆ ಹಳದಿಯಾಗುತ್ತದೆ. ತೋಟಗಾರಿಕೆ ಇಲಾಖೆಯವರಿಗೋ ವಿಟ್ಲದ ಸಿ.ಪಿ.ಸಿ.ಆರ್.ಐ. ಕೇಂದ್ರದವರಿಗೋ ತೋರಿಸಿ, ಅಲ್ಲಿಯವರೆಗೆ ಮದ್ದು ಬಿಡುವುದು ಬೇಡ ಎಂದು ಮಕ್ಕಳೇ ಅವರಿಗೆ ಹೇಳಿದರು.

ಎಲೆಯಲ್ಲದೆ ಇನ್ನೂ ಎಷ್ಟೋ ಇವೆ. ಮೊದಲ ಮಳೆಗೆ ದೀಪಕ್ಕೆ ಮುತ್ತಿ ಉದುರುವ ಮಳೆಹಾತೆಯ ರೆಕ್ಕೆ, ಈರುಳ್ಳಿಯ ಒಳಪೊರೆ, ನೀರಲ್ಲಿ ಕೊಳೆತು ನರಗಳು ಮಾತ್ರ ಉಳಿದ ಅಶ್ವತ್ಥದ ಎಲೆ, ಕೋಳಿಯ ಗರಿ. ಇವೆಲ್ಲ ಬೆಳಕು ಬಿಡುವ ವಸ್ತುಗಳು, 5 ಪಟ್ಟಿಗೂ ಚೆನ್ನಾಗಿ ಕಾಣುತ್ತವೆ. ರೆಕ್ಕೆಗಾಗಿ ಜೀವಂತ ಕೀಟವನ್ನು ಹಿಡಿಯಬೇಡಿ, ಬಿದ್ದದ್ದನ್ನು ಹೆಕ್ಕಿದರೆ ಸಾಕು.

ಕೆಲವು ಎಚ್ಚರಿಕೆ. ಮಸೂರದ ಮೂಲಕ ಸೂರ್ಯನನ್ನಾಗಲೀ ಉರಿಯುವ ಟಾರ್ಚನ್ನಾಗಲೀ ನೋಡಬಾರದು. ಕೆಲಸವಾದ ಮೇಲೆ ಮಸೂರಗಳನ್ನು ಕಿಟಕಿಯ ಬಳಿ ಬಿಡಬಾರದು. ಬಿಸಿಲು ಬಿದ್ದರೆ ಅದು ಕಾಗದವನ್ನು ಸುಡುತ್ತದೆ. ಆಟಿಯ ಮಳೆಯಲ್ಲಿ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದಲ್ಲ, ಮಸೂರಕ್ಕೂ ಹಿಡಿಯುತ್ತದೆ. ಹಿಡಿದರೆ ಗಾಜಿನ ಮೇಲೆ ಕಲೆ ಉಳಿಯಬಹುದು. ಮುಚ್ಚಳ ಬಿಗಿಯಿರುವ ಡಬ್ಬದಲ್ಲಿ, ಬಟ್ಟೆಯಲ್ಲಿ ಗಂಟು ಕಟ್ಟಿದ ಹುರಿದ ಅಕ್ಕಿಯ ಜೊತೆ ಇಡಿ. ಅಕ್ಕಿ ತೇವ ಹೀರುತ್ತದೆ. ವಾರಕ್ಕೊಮ್ಮೆ ಅಕ್ಕಿಯನ್ನು ಮತ್ತೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ರಟ್ಟಿನ ಪೆಟ್ಟಿಗೆ ಮಳೆಗಾಲದಲ್ಲಿ ಮೆತ್ತಗಾಗಿ ಕೊಳವೆ ಬಾಗಿತು. ಈಗ ನಮ್ಮ ಮಕ್ಕಳು ತೆಳು ಹಲಗೆಯ ಪೆಟ್ಟಿಗೆ ಮಾಡುವ ಯೋಚನೆಯಲ್ಲಿದ್ದಾರೆ.

ನಿಮಗೊಂದು ಕೆಲಸ. ಪ್ರೊಜೆಕ್ಟರ್ ಮಾಡಿ ಚಿತ್ರ ಬೀಳಿಸಿದ ಮೇಲೆ ಮುಂದಿನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ. ಚಿತ್ರದ ಅರ್ಧ ಮಾಯವಾಗುತ್ತದೆಯೇ? ಮೊದಲು ಊಹಿಸಿ ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಮುಚ್ಚಿ ನೋಡಿ. ಊಹೆ ತಪ್ಪಿದ್ದರೆ ಅಳಿಸಬೇಡಿ, ಅದರ ಕೆಳಗೆ ಕಂಡದ್ದನ್ನೂ ಕಾರಣವನ್ನೂ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.